ಕಿಟಕಿಗೆ ಬಂದ ಗೆಲ್ಲು

ವೇಣೂರು, ಬೆಳ್ತಂಗಡಿ ತಾಲೂಕು
೫ ಏಪ್ರಿಲ್ ೨೦೨೫, ಶನಿವಾರ

ಪ್ರೀತಿಯ ಧರ್ಣಪ್ಪ ಭಾವಾ,

ಹೇಗಿದ್ದೀ? ಸೊಂಟ ಹಿಡಿದದ್ದು ಬಿಟ್ಟಿತಾ? ಹೋದ ಸಲ ಫೋನಿನಲ್ಲಿ ನೀನು ಕುರ್ಚಿಯಿಂದ ಏಳುವಾಗ ‘ಅಪ್ಪೇ’ ಎಂದು ಅಮ್ಮನನ್ನು ಕರೆದು ನರಳಿದ್ದು ಇಲ್ಲಿಯವರೆಗೆ ಕೇಳಿಸಿತು. ಹೋಟೆಲಿನ ಸಾಂಬಾರಿನ ಪಾತ್ರೆಗಳನ್ನು ಇನ್ನೂ ನೀನೇ ಎತ್ತುತ್ತಿದ್ದೀ ಎಂದು ನನಗೆ ಸಂಶಯ. ನಮ್ಮ ಪ್ರಾಯದವರು ಪಾತ್ರೆ ಎತ್ತಬಾರದು, ಎತ್ತುವವರ ಹಿಂದೆ ನಿಂತು ಬೈಯಬೇಕು, ಅಷ್ಟೆ. ನಿನ್ನ ಓಮಾನಿನ ಸೊಹಾರಿನಲ್ಲಿ ಸೆಕೆ ಶುರುವಾಗಿರಬೇಕು. ಇಲ್ಲಿಯೂ ಕಡಿಮೆಯಿಲ್ಲ, ಫಲ್ಗುಣಿಯಲ್ಲಿ ನೀರನ್ನು ಕಲ್ಲುಗಳ ಎಡೆಯಲ್ಲಿ ಹುಡುಕಬೇಕು. ನನ್ನ ಆರೋಗ್ಯ ಅಡ್ಡಿಯಿಲ್ಲ. ಬಿ.ಪಿ. ಮಾತ್ರೆ ಬೆಳಿಗ್ಗೆ ಒಂದು ನುಂಗುತ್ತೇನೆ, ನುಂಗಿದೆನೋ ಇಲ್ಲವೋ ಎಂದು ಮರೆತು ಒಮ್ಮೊಮ್ಮೆ ಇನ್ನೊಂದನ್ನೂ ನುಂಗುತ್ತಿದ್ದೆ. ಅದು ಗೊತ್ತಾದ ಮೇಲೆ ನಿನ್ನ ಸೋದರಳಿಯ ಸಂದೇಶನ ಹೆಂಡತಿ ತೃಪ್ತಿ ಮಾತ್ರೆಯ ಡಬ್ಬಿಯನ್ನು ತನ್ನ ಬಳಿಯೇ ಇಟ್ಟುಕೊಂಡಿದ್ದಾಳೆ. ಬಾಲವಾಡಿಯ ಮಕ್ಕಳಿಗೆ ಕೊಟ್ಟ ಹಾಗೆ ಅಂಗೈಗೆ ಹಾಕಿ, ಎದುರಿಗೇ ನಿಂತು, ನಾಲಗೆ ಎತ್ತಿಸಿ ನೋಡುತ್ತಾಳೆ. ಒಳ್ಳೆಯ ಹುಡುಗಿ. ಈ ಕಾಗದದಲ್ಲಿ ಮುಂದೆ ನಾನು ಏನೇ ಬರೆದರೂ ಅವರಿಬ್ಬರೂ ಒಳ್ಳೆಯವರು ಎಂಬುದನ್ನು ಮೊದಲೇ ಬರೆದಿಟ್ಟಿದ್ದೇನೆ, ಪ್ಲೀಸ್ ನೋಟ್ ದಟ್.

ಫೋನ್ ಇರುವಾಗ ಈ ಮುದುಕ ಕಾಗದ ಯಾಕೆ ಬರೆದ ಎಂದು ನಗುತ್ತೀ. ನಗು. ಆದರೆ ನಿನ್ನ ಅಮ್ಮನ ಕಿವಿ ನಿನಗೆ ಗೊತ್ತುಂಟಲ್ಲ. ಅತ್ತೆಗೆ ಕಾಲು ಹೋಯಿತು, ಕಣ್ಣು ಅರ್ಧ ಹೋಯಿತು, ಊಟ ಎರಡು ಚಮಚ ಗಂಜಿಗೆ ಇಳಿಯಿತು, ಕಿವಿ ಮಾತ್ರ ಇನ್ನೂ ಮದುವೆಯಾಗದ ಹುಡುಗಿಯದ್ದು. ಅಡುಗೆಮನೆಯಲ್ಲಿ ಸಾಸಿವೆ ಕಡಿಮೆ ಸಿಡಿದರೆ ಮಲಗಿದಲ್ಲಿಂದಲೇ ಹೇಳುತ್ತಾರೆ. ಈ ಮನೆಯಲ್ಲಿ ಫೋನ್ ಬಂದರೆ ಸ್ಪೀಕರ್ ಹಾಕುವುದು ಪದ್ಧತಿ. ನಾನು ಅಂಗಳಕ್ಕೆ ಹೋಗಿ ಮಾತಾಡಿದರೆ ‘ಚಿಕ್ಕಪ್ಪನದ್ದು ಎಂತ ಗುಟ್ಟು ಮಾರ್ರೆ’ ಎಂದು ಸಂದೇಶ ಹಿಂದೆಯೇ ಬರುತ್ತಾನೆ. ಇನ್ನು ನೀನೋ, ನಾನು ಎರಡು ವಾಕ್ಯ ಹೇಳುವುದರೊಳಗೆ ‘ಆಯ್ತು ಭಾವ, ಆಯ್ತಾಯ್ತು, ಗಿರಾಕಿ ಬಂದ್ರು’ ಎಂದು ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ಇಡಲಿಕ್ಕಾಗುವುದಿಲ್ಲ. ನೆರೆಯ ಅಬ್ದುಲ್ ರವೂಫನ ಮಗ ನಿಝಾಮ್ ಪೆರ್ನಾಲಿಗೆ, ಅವರ ರಂಜಾನ್ ಹಬ್ಬಕ್ಕೆ, ಊರಿಗೆ ಬಂದವನು ಮಂಗಳವಾರದ ವಿಮಾನದಲ್ಲಿ ಮಸ್ಕತಿಗೆ ವಾಪಸು ಹೋಗುತ್ತಾನೆ. ಅವನ ಕೈಯಲ್ಲಿ ಇದನ್ನೂ ತೃಪ್ತಿ ಕಟ್ಟಿಕೊಟ್ಟ ಹಲಸಿನ ಹಪ್ಪಳವನ್ನೂ ಕಳುಹಿಸುತ್ತೇನೆ. ಹಪ್ಪಳ ಪುಡಿಯಾಗಿದ್ದರೆ ಅದು ನಿಝಾಮನ ಸೂಟ್‌ಕೇಸಿನ ದೋಷ, ತೃಪ್ತಿಯದ್ದಲ್ಲ.

ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾನು ಊರೆಲ್ಲ ತಿರುಗಿ ಬಂದು ವಿಷಯವನ್ನೇ ಮರೆಯುವವ. ಮೂಡಬಿದಿರೆಯಲ್ಲಿ ನಾವಿಬ್ಬರೂ ಓದುತ್ತಿದ್ದಾಗ ಬಾಟನಿ ಮಾಸ್ಟ್ರು ನನ್ನ ಉತ್ತರಪತ್ರಿಕೆಯನ್ನು ಎತ್ತಿ ಹಿಡಿದು ‘ಸಂಕಪ್ಪಾ, ಯೂ ಆರ್ ಬೀಟಿಂಗ್ ಅರೌಂಡ್ ದ ಬುಷ್, ಬಟ್ ವೇರ್ ಈಸ್ ದ ಬುಷ್?’ ಎಂದು ಕೇಳಿದ್ದು ನಿನಗೆ ನೆನಪಿರಬೇಕು. ಕ್ಲಾಸಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕದ್ದು ನೀನೇ. ವಿಷಯ ಇದು. ಅತ್ತೆ ಹೆಚ್ಚು ದಿನ ಇರುವ ಹಾಗೆ ಕಾಣುವುದಿಲ್ಲ. ಅವರು ಹೋದರೆ ಚಿತೆಗೆ ನಿನ್ನ ತಂಗಿ, ನನ್ನ ಶಶಿಪ್ರಭಾ ನೆಟ್ಟ ಮುಂಡಪ್ಪ ಜಾತಿಯ ಮಾವಿನ ಮರವನ್ನು ಕಡಿಯುವುದೆಂದು ಸಂದೇಶ ನಿಶ್ಚಯ ಮಾಡಿದ್ದಾನೆ. ಮೆಷಿನ್ ಗರಗಸದವನನ್ನು ಕರೆಸಿ ಮರ ತೋರಿಸಿಯೂ ಆಯಿತು. ಬೇಡ ಎಂದು ಹೇಳಲಿಕ್ಕೆ ಹಕ್ಕಿರುವವನು ಈ ಕುಟುಂಬದಲ್ಲಿ ಸೋದರಮಾವನಾದ ನೀನು ಒಬ್ಬನೇ. ನೀನು ಸಂದೇಶನಿಗೆ ಒಂದು ಮಾತು ಹೇಳಬೇಕು.

ಶಾಸ್ತ್ರ ನನಗೂ ಗೊತ್ತುಂಟು ಭಾವ. ಮನೆಯಲ್ಲಿ ಸಾವಾದರೆ ಹಿತ್ತಿಲಿನ ಮಾವಿನ ಮರಕ್ಕೆ ಕೊಡಲಿ ಬೀಳಬೇಕು, ಚಿತೆಗೆ ನಮ್ಮದೇ ಮಣ್ಣಿನ ಹಸಿ ಮಾವಿನ ಕಟ್ಟಿಗೆ ಆಗಬೇಕು. ಶಶಿ ಹೋದಾಗ ಬಾವಿಯ ಆಚೆಯ ಕಾಟು ಮಾವಿನ ಮರವನ್ನು ಕಡಿದರು. ನೀನು ಉತ್ತರಕ್ರಿಯೆಗೆ, ಬೊಜ್ಜದ ಊಟಕ್ಕೆ ಬಂದಾಗ ಅದರ ಬುಡ ಮಾತ್ರ ಉಳಿದಿತ್ತು, ಅದರ ಮೇಲೆ ಕೂತು ನೀನು ಸಿಗರೇಟು ಸೇದಿದ್ದಿ. ನಾನು ಆಗ ಅಡ್ಡ ಬರಲಿಲ್ಲ. ಅದು ತಾನಾಗಿ ಹುಟ್ಟಿದ ಮರ, ಯಾರೂ ನೆಟ್ಟದ್ದಲ್ಲ, ಹಣ್ಣು ಹಲ್ಲು ಚುಳಕ್ಕೆನ್ನುವಷ್ಟು ಹುಳಿ, ತಿನ್ನುವವು ಮಂಗಗಳು. ಆದರೆ ಅದು ಹೋದದ್ದೇ ಅದರ ನೆರಳಿನಲ್ಲಿದ್ದ ಮ್ಯಾಂಗೋಸ್ಟೀನ್ ಗಿಡದ ಅವಸ್ಥೆ ನೋಡಬೇಕಿತ್ತು. ಮ್ಯಾಂಗೋಸ್ಟೀನ್ ಎಂದರೆ ಸಣ್ಣ ಪ್ರಾಯದಲ್ಲಿ ಮುಖಕ್ಕೆ ಬಿಸಿಲು ತಾಗಬಾರದ ಜಾತಿ. ವರ್ಷಕ್ಕೆ ಗೇಣುದ್ದ ಬೆಳೆದರೆ ಅದೇ ದೊಡ್ಡದು. ಒಂದೇ ವಾರದಲ್ಲಿ ಎಲೆಗಳೆಲ್ಲ ಸೀದ ದೋಸೆಯ ಬಣ್ಣಕ್ಕೆ ತಿರುಗಿದವು. ಆ ದಿನಗಳಲ್ಲಿ ನನಗೆ ಏನು ಮಾಡಬೇಕೆಂದು ತೋಚುತ್ತಿರಲಿಲ್ಲ, ನಾಲ್ಕು ಕಂಬ ನೆಟ್ಟು ಅವಳ ಹಳೆಯ ಸೀರೆಗಳನ್ನೇ ಮೇಲೆ ಹರಡಿ ಕಟ್ಟಿದೆ. ಒಣಗಲು ಹಾಕಿದ್ದೆಂದು ತಿಳಿದು ತೃಪ್ತಿ ಎರಡು ಸಲ ತೆಗೆದು ಮಡಚಿ ಒಳಗಿಟ್ಟಳು. ಮೂರನೆಯ ಸಲ ಅವಳೇ ಬಂದು ಇನ್ನೊಂದು ಮೂಲೆಯನ್ನು ಹಿಡಿದುಕೊಟ್ಟಳು. ಗಿಡ ಸಾಯಲಿಲ್ಲ, ಬೆಳೆಯಲೂ ಇಲ್ಲ. ಹಾಗೆಯೇ ನಿಂತುಕೊಂಡುಂಟು. ಸಂದೇಶನಿಗೆ ಹೇಳಿದರೆ ‘ಅದಕ್ಕೆ ಬಿ.ಸಿ.ರೋಡಿನಲ್ಲಿ ಶೇಡ್‌ನೆಟ್ ಸಿಗ್ತದೆ ಚಿಕ್ಕಪ್ಪ’ ಎನ್ನುತ್ತಾನೆ. ಸಿಗುತ್ತದೆ, ನನಗೆ ಗೊತ್ತಿಲ್ಲವಾ?

ಮುಂಡಪ್ಪ ಹಾಗೆ ಬಿದ್ದು ಹುಟ್ಟಿದ ಮರವಲ್ಲ. ನೀನು ಸೊಹಾರಿನಲ್ಲಿ ಹೋಟೆಲು ಹಾಕಿದ ವರ್ಷ ಶಶಿ ಮೂಡಬಿದಿರೆಯ ನರ್ಸರಿಯಿಂದ ಆ ಕಸಿ ಗಿಡವನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಳು. ಕಂಡಕ್ಟರ್ ‘ಅಕ್ಕಾ, ಅದಕ್ಕೆ ಹಾಫ್ ಟಿಕೆಟಾ?’ ಎಂದು ಕೇಳಿದನಂತೆ. ಗಿಡ ಸೊಂಟದೆತ್ತರ ಬಂದು ತಾಮ್ರದ ಬಣ್ಣದ ಚಿಗುರು ಬಿಟ್ಟು ನೋಡಲಿಕ್ಕೆ ಚಂದ ಕಾಣುವ ಹೊತ್ತಿಗೆ ನಾನು ಜಂಬದಲ್ಲಿ ಅಪಿಕಲ್ ಡಾಮಿನೆನ್ಸ್ ಎಂಬುದನ್ನು ವಿವರಿಸಿದೆ. ತುದಿಯ ಮೊಗ್ಗು ದರ್ಪದಿಂದ ಕೆಳಗಿನ ಮೊಗ್ಗುಗಳನ್ನು ಏಳಲಿಕ್ಕೆ ಬಿಡುವುದಿಲ್ಲ, ತುದಿ ಹೋದರೆ ಕೆಳಗಿನವು ಕಣ್ಣು ಬಿಡುತ್ತವೆ ಎಂದು. ಕಾಲೇಜಿನಲ್ಲಿ ಹತ್ತು ಅಂಕದ ಪ್ರಶ್ನೆ, ನನಗೆ ನಾಲ್ಕು ಬಂದಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಗಿಡ ಮೊಣಕಾಲಿನೆತ್ತರಕ್ಕೆ ಕತ್ತರಿಸಿ ನಿಂತಿದೆ! ನಾನು ಬೊಬ್ಬೆ ಹಾಕಿದೆ. ಅವಳು ಕತ್ತರಿಯನ್ನು ಸೆರಗಿಗೆ ಒರೆಸುತ್ತ ‘ನೀವೇ ಹೇಳಿದ್ದಲ್ವಾ’ ಎಂದಳು. ಅಂದಿನಿಂದ ಈ ತೋಟದಲ್ಲಿ ಥಿಯರಿ ನನ್ನದು, ಕತ್ತರಿ ಅವಳದ್ದು. ಆ ಇಂಗ್ಲಿಷ್ ಶಬ್ದ ಅವಳಿಗೆ ಎಷ್ಟು ಇಷ್ಟವಾಯಿತೆಂದರೆ, ಮದುವೆ ಮನೆಯಲ್ಲಿ ಯಾರಾದರೂ ಮೈಕು ಬಿಡದೆ ಮಾತಾಡಿದರೆ ನನ್ನ ಕಿವಿಯಲ್ಲಿ ‘ಇವರಿಗೆ ಡಾಮಿನೆನ್ಸ್ ಜಾಸ್ತಿ, ಕತ್ತರಿ ಬೇಕು’ ಎನ್ನುತ್ತಿದ್ದಳು. ನಿನಗೂ ಒಂದೆರಡು ಸಲ ಹೇಳಿದ್ದಾಳೆ, ನೀನು ಹೊಗಳಿಕೆ ಎಂದು ತಿಳಿದುಕೊಂಡಿದ್ದಿ.

ಕತ್ತರಿಸಿದಲ್ಲಿಂದ ಎದ್ದ ಚಿಗುರುಗಳಲ್ಲಿ ಮೂರನ್ನು ಇಟ್ಟು ಉಳಿದವನ್ನು ಉಗುರಿನಲ್ಲೇ ಚಿವುಟಿದಳು. ಮೂರು ಮೂರು ದಿಕ್ಕಿಗೆ; ಒಂದು ಬಾವಿಯ ಕಡೆಗೆ, ಒಂದು ದನದ ಹಟ್ಟಿಯ ಕಡೆಗೆ, ಒಂದು ಮನೆಯ ಕಡೆಗೆ. ನೆಟ್ಟಗೆ ಹೋಗುವ ಕೊಂಬೆ ಬರೀ ಸೊಪ್ಪು ಕೊಡುತ್ತದೆ, ಅಡ್ಡ ಬಾಗಿದ ಗೆಲ್ಲು ಬೇಗ ಹೂ ಬಿಡುತ್ತದೆ. ಅದಕ್ಕೆ ಗೂಟ ಹೊಡೆದು ಎಳೆದು ಕಟ್ಟಬೇಕು. ತೆಂಗಿನ ಹಗ್ಗ ಸಿಪ್ಪೆಯನ್ನು ಕೊರೆಯುತ್ತದೆಂದು ಹಳೆಯ ಸೀರೆಯ ಅಂಚನ್ನು ಹರಿದು ಪಟ್ಟಿ ಮಾಡಿದಳು. ಗೂಟ ಹೊಡೆಯಲಾಗದ ಕಡೆ ತೆಂಗಿನ ಗೆರಟೆಯಲ್ಲಿ ಕಲ್ಲು ಹಾಕಿ ತೂಗಬಿಟ್ಟಳು. ಬಣ್ಣಬಣ್ಣದ ಪಟ್ಟಿಗಳನ್ನು ನೋಡಿ ರವೂಫ್ ಬೇಲಿಯಾಚೆಯಿಂದ ‘ಎಂತ ಸಂಕಪ್ಪಣ್ಣ, ಮರಕ್ಕೆ ಟೈ ಕಟ್ಟಿ ಕಾಲೇಜಿಗೆ ಕಳಿಸುದಾ? ನಿಮ್ಮ ಹಾಗೆ ಆಗ್ಲಿಕ್ಕುಂಟು ನೋಡಿ’ ಎಂದು ತಮಾಷೆ ಮಾಡುತ್ತಿದ್ದ. ಪ್ರತಿ ಮಳೆಗಾಲದ ಮೊದಲು ಪಟ್ಟಿ ಸಡಿಲಿಸಿ ಬೇರೆ ಕಡೆ ಕಟ್ಟುವುದು, ಹಣ್ಣು ಮುಗಿದ ಮೇಲೆ ನಡುವಿನ ಒತ್ತು ಗೆಲ್ಲುಗಳನ್ನು ತೆಗೆಯುವುದು. ಎಷ್ಟು ತೆಗೆಯಬೇಕೆಂದರೆ, ಒಂದು ಕಾಗೆ ರೆಕ್ಕೆ ತಾಗಿಸದೆ ಮರದ ಒಳಗಿಂದ ಹಾರಿ ಹೋಗಬೇಕು ಎನ್ನುತ್ತಿದ್ದಳು. ಹೀಗೆ ಮಾಡಿ ಮಾಡಿ, ದೋಟಿ ಇಲ್ಲದೆ, ಏಣಿ ಇಲ್ಲದೆ, ನಿಂತಲ್ಲಿಂದ ಕೈಗೆ ಸಿಗುವ ಮಾವಿನ ಮರ ಆಯಿತು. ಮಕ್ಕಳಿಲ್ಲದವರಿಗೆ ಮರವೇ ಮಕ್ಕಳು ಎಂದು ಬಂದವರು ಹೇಳುವುದುಂಟು. ಶಶಿಗೆ ಆ ಮಾತು ಆಗುತ್ತಿರಲಿಲ್ಲ. ಮರ ಮರವೇ ಮಾರಾಯ. ಮಕ್ಕಳಾದರೆ ಎದುರು ಮಾತಾಡುತ್ತವೆ, ಕಟ್ಟಿದಲ್ಲಿ ನಿಲ್ಲುವುದಿಲ್ಲ.

ಇನ್ನು ಆ ಮೂರನೆಯ ಗೆಲ್ಲಿನ ಕಥೆ. ಅತ್ತೆ ಜಾರಿಬಿದ್ದು ಸೊಂಟದ ಎಲುಬು ಮುರಿದು ಹಾಸಿಗೆ ಹಿಡಿದರಲ್ಲ, ಆ ಬೇಸಗೆಯಲ್ಲಿ ಮಾವಿನ ಮರದ ಹತ್ತಿರ ಹೋಗಲಿಕ್ಕಾಗುವುದಿಲ್ಲವೆಂದು ಅವರಿಗೆ ದೊಡ್ಡ ಬೇಸರ. ಹಣ್ಣನ್ನು ಒಳಗೆ ತಂದುಕೊಟ್ಟರೆ ಮುಟ್ಟುತ್ತಿರಲಿಲ್ಲ. ‘ನಾನು ಕೊಯ್ಯದ್ದು ನನಗೆ ಹಣ್ಣಲ್ಲ’ ಎಂಬ ಹಟ. ಶಶಿ ಅದೇ ಮಳೆಗಾಲದಲ್ಲಿ ಮನೆಯ ಕಡೆಯ ಗೆಲ್ಲನ್ನು ಇನ್ನೊಂದು ಸ್ವಲ್ಪ ಬಲಕ್ಕೆ ಎಳೆದು ಕಟ್ಟಿದಳು. ಮರುವರ್ಷ ಅದರ ತುದಿಯಿಂದ ಬಂದ ಚಿಗುರನ್ನು ಇನ್ನೂ ಸ್ವಲ್ಪ. ಹೀಗೆ ಒಂದೊಂದೇ ಗೂಟ, ಒಂದೊಂದೇ ಪಟ್ಟಿ. ಅಮ್ಮ ಮಲಗಿದ ಕೋಣೆಯ ಕಿಟಕಿಯವರೆಗೆ ಆ ಗೆಲ್ಲನ್ನು ಕೈಹಿಡಿದು ನಡೆಸಿಕೊಂಡು ಬಂದ ಹಾಗೆ ತಂದಳು. ಈಗ ಕಾಯಿಗಳು ಕಿಟಕಿಯ ಸರಳಿನಿಂದ ಒಂದು ಗೇಣು ಆಚೆ ತೂಗುತ್ತವೆ. ಅತ್ತೆ ಮಲಗಿದಲ್ಲಿಂದಲೇ ಸರಳಿನ ಎಡೆಯಲ್ಲಿ ಕೈ ಹಾಕಿ ತಡವುತ್ತಾರೆ, ಅಂಗೈಯಲ್ಲಿ ತೂಗಿ ನೋಡುತ್ತಾರೆ, ‘ಇದು ಇನ್ನೂ ಎಳತ್ತು, ಆಚೆಯದ್ದು ಬಲಿತಿದೆ’ ಎನ್ನುತ್ತಾರೆ. ಕಣ್ಣು ಮಂಜಾದ ಮೇಲೆ ಅವರ ಇಡೀ ತೋಟವೆಂದರೆ ಆ ಕಿಟಕಿಯಷ್ಟೆ. ಶಶಿ ಹೋದ ಮೇಲೆ ಪಟ್ಟಿ ಸಡಿಲಿಸಿ ಕಟ್ಟುವ ಕೆಲಸ ನನ್ನದು. ನನಗೆ ಅವಳ ಕೈ ಇಲ್ಲ. ಹೋದ ವರ್ಷ ಒಂದು ಕಡೆ ಬಿಗಿಯಾಗಿ ಸಿಪ್ಪೆಯಲ್ಲಿ ಬಳೆಯ ಹಾಗೆ ಗಾಯವಾಗಿದೆ. ದಿನಾ ಬೆಳಿಗ್ಗೆ ಅದನ್ನು ಹೆಬ್ಬೆರಳಿನಲ್ಲಿ ಮುಟ್ಟಿ ನೋಡುತ್ತೇನೆ.

ಮೆಷಿನ್ ಗರಗಸದವನು ಬಂದವನೇ ಮರದ ಬುಡಕ್ಕೆ ಕಾಲಿನಿಂದ ತಟ್ಟಿ ‘ಇದರಲ್ಲಿ ಎಂತ ಉಂಟು ಮಾರ್ರೆ? ಮೊಣಕಾಲಿಗೇ ಕವಲು. ಇದು ಮರವಾ, ಬೆಂಚಾ?’ ಎಂದ. ಜೀವಮಾನದಲ್ಲಿ ಬೈಗುಳ ಕೇಳಿ ನನಗೆ ಅಷ್ಟು ಸಂತೋಷವಾದದ್ದಿಲ್ಲ. ಅವನಿಗೆ ಚಹಾ ಕೊಡಿಸಿದೆ. ಆದರೆ ಸಂದೇಶ ಸೋಲುವವನಲ್ಲ. ಜೆಸಿಬಿ ಇಟ್ಟುಕೊಂಡವನಿಗೆ ಯಾವುದೂ ಅಡ್ಡಿಯಲ್ಲ. ‘ಹಾಗಾದರೆ ಇಡೀ ಮರ ಬೇಡ. ಅಜ್ಜಿ ಬಾಯಿಬಿಟ್ಟು ಕೇಳಿದ್ದು ಕಿಟಕಿಯ ಗೆಲ್ಲನ್ನು. ಶಾಸ್ತ್ರಕ್ಕೆ ಅದೊಂದು ಸಾಕು, ಉಳಿದ ಕಟ್ಟಿಗೆ ಡಿಪೋದಿಂದ ತರುವ’ ಎಂದ. ನಾನು ವಿವರಿಸಲಿಕ್ಕೆ ಹೋದೆ. ಮೂರು ಗೆಲ್ಲಿನ ಮೇಲೆ ನಿಂತ ಮರ ಅದು, ಬ್ಯಾಲೆನ್ಸ್ ಆಫ್ ಪವರ್ ಎನ್ನುತ್ತಾರಲ್ಲ ಹಾಗೆ. ತೊಡೆಯಷ್ಟು ದಪ್ಪದ ಒಂದನ್ನು ತೆಗೆದರೆ ಉಳಿದೆರಡರ ಭಾರಕ್ಕೆ ಜೂನಿನ ಗಾಳಿಯಲ್ಲಿ ಕವಲೇ ಸೀಳುತ್ತದೆ, ಸೀಳಿದಲ್ಲಿ ನೀರು ನಿಂತು ಬುಡ ಕೊಳೆಯುತ್ತದೆ, ಒಂದು ಗೆಲ್ಲು ಎಂದರೆ ಇಡೀ ಮರವೇ. ಅವನು ಪೂರಾ ಕೇಳಿದ. ಕೇಳಿ, ಸಿಟ್ಟಿಲ್ಲದೆ, ‘ಚಿಕ್ಕಪ್ಪ, ಅಜ್ಜಿಗಿಂತ ಮರ ಹೆಚ್ಚಾಯ್ತಾ ನಿಮಗೆ?’ ಎಂದು ಕೇಳಿದ. ನಾನ್ ಪ್ಲಸ್ಡ್ ಎನ್ನುವುದೋ ನಾನ್ ಪ್ಲಸ್ ಎನ್ನುವುದೋ, ಮರೆತುಹೋಗಿದೆ, ತಬ್ಬಿಬ್ಬಾದವನಿಗೆ ಹೇಳುತ್ತಾರಲ್ಲ, ಅದು ನಾನಾದೆ. ಒಳಗೆ ಹೋಗಿ ಶಶಿಯ ಕತ್ತರಿಗೆ ಎಣ್ಣೆ ಹಾಕುತ್ತ ಕೂತೆ.

ಜಗಳವಾಡಬಹುದಿತ್ತು ಎನ್ನುತ್ತೀ. ಯಾವ ಹಕ್ಕಿನಲ್ಲಿ ಭಾವ? ಮನೆ ಹೆಣ್ಣುಮಕ್ಕಳಿಗೆ ಹೋಗುವ ಅಳಿಯಕಟ್ಟಿನಲ್ಲಿ ನಮ್ಮ ಬಂಟ ಗಂಡಸರಿಗೆ ಎರಡು ಮನೆ ಉಂಟು, ಎರಡರಲ್ಲೂ ನೆಂಟರು. ಮಾಣಿಯ ನಮ್ಮ ಮನೆ ತಂಗಿಯದ್ದು, ತಂಗಿಯ ಮಕ್ಕಳದ್ದು; ಅಲ್ಲಿ ನನಗೆ ದೈವದ ಕೆಲಸದ ದಿನ ಎಲೆ ಹಾಕುತ್ತಾರೆ, ಪ್ರೀತಿಯಿಂದಲೇ ಹಾಕುತ್ತಾರೆ, ಮಾರನೆಯ ದಿನ ಬಸ್ಸಿನ ಹೊತ್ತು ಕೇಳುತ್ತಾರೆ. ಇಲ್ಲಿ ಹೆಂಡತಿ ಇದ್ದಷ್ಟು ದಿನ ಹೆಂಡತಿಯ ಗಂಡ. ಈಗ ಕರೆದವಳೇ ಎದ್ದು ಹೊರಗೆ ಹೋದ ಮೇಲೂ ಕುರ್ಚಿ ಬಿಡದೆ ಕೂತ ನೆಂಟ ನಾನು. ಸಂದೇಶ ಒಮ್ಮೆಯೂ ಅದನ್ನು ಬಾಯಲ್ಲಿ ಆಡಿದವನಲ್ಲ. ಮೀನು ತಂದರೆ ಮೊದಲ ತುಂಡು ನನಗೇ ಬಡಿಸಲಿಕ್ಕೆ ಹೇಳುತ್ತಾನೆ. ಅವನು ಕೆಟ್ಟವನಾಗಿದ್ದರೆ ನನಗೆ ಸುಲಭವಿತ್ತು.

ರವೂಫ್ ಒಂದು ದಾರಿ ತೋರಿಸಿದ. ಅವನಿಗೂ ಈ ತೋಟಕ್ಕೂ ಹಳೆಯ ಲೆಕ್ಕ ಉಂಟು. ಶಶಿ ಬೀಜ ಹಾಕಿ ಬೆಳೆಸಿದ ರಂಬುಟಾನ್ ಆರು ವರ್ಷದ ಮೇಲೆ ಬರೀ ಗಂಡು ಹೂ ಬಿಟ್ಟಾಗ, ಅದನ್ನು ಮೊಟಕು ಮಾಡಿ ತನ್ನ ಮರದ ಹೆಣ್ಣು ಕಣ್ಣನ್ನು ಕಸಿ ಕಟ್ಟಿಕೊಟ್ಟವನು ಅವನೇ. ಮೂರು ಸಲ ತಪ್ಪಿ ನಾಲ್ಕನೆಯದ್ದು ಹತ್ತಿತು, ಈಗಲೂ ಹಣ್ಣಿನ ಕಾಲದಲ್ಲಿ ‘ನನ್ನ ಮಗಳನ್ನು ಕೊಟ್ಟ ಮನೆ’ ಎಂದು ಬುಟ್ಟಿ ಹಿಡಿದು ಬರುತ್ತಾನೆ. ಪೆರ್ನಾಲಿನ ದಿನ ಅವನ ಹೆಂಡತಿ ಜುಲೈಕಾ ಮಾಡಿದ ಪಾಯಸವನ್ನು ಅತ್ತೆಗೆಂದು ತಂದವನು ಮಾತು ಕೇಳಿ, ‘ನಮ್ಮ ಬೇಲಿಯಲ್ಲಿ ಕಾಟು ಮಾವು ಒಂದು ಉಂಟಲ್ಲ, ಬೇಕಾದಾಗ ಕಡಿಸಿಕೊಳ್ಳಿ. ನಿಮ್ಮ ಅತ್ತೆಗೆ ಎಂದರೆ ನಾನು ಬೇಡ ಎನ್ನುತ್ತೇನಾ?’ ಎಂದ. ಸಂದೇಶ ಯೋಚನೆ ಮಾಡಿದ. ಬೇಲಿಯ ಮರವಾದರೆ ಅರ್ಧ ಬೇರು ನಮ್ಮ ಮಣ್ಣಿನಲ್ಲೇ ಉಂಟು, ಶಾಸ್ತ್ರಕ್ಕೆ ಅಡ್ಡಿಯಿಲ್ಲ ಎಂದು ಒಪ್ಪುವವರೆಗೂ ಬಂದ. ಆದರೆ ‘ಅಜ್ಜಿಯೇ ಹೂಂ ಎನ್ನಲಿ’ ಎಂದ. ಅದೂ ನ್ಯಾಯವೇ.

ನಾನೇ ಹೋಗಿ ಅತ್ತೆಯನ್ನು ಕೇಳಿದೆ. ಹೇಗೆ ಕೇಳುವುದು ಇಂಥದ್ದನ್ನು? ಸುತ್ತಿ ಬಳಸಿ, ರವೂಫನ ಮರ ತುಂಬ ದೊಡ್ಡದಾಗಿದೆ, ಕಟ್ಟಿಗೆ ಒಳ್ಳೆಯದು ಎಂದೆಲ್ಲ ಹೇಳಿದೆ. ಅವರು ನಕ್ಕರು. ನಾನು ನಿನ್ನ ನೋಟ್ಸ್ ಕೇಳಿಕೊಂಡು ಈ ಮನೆಗೆ ಬರುತ್ತಿದ್ದ ಕಾಲದಿಂದಲೂ ಅವರಿಗೆ ನನ್ನ ಮೇಲೆ ಏಕವಚನ, ತಮಾಷೆ ಎರಡೂ ಉಂಟಲ್ಲ. ‘ಸಂಕಪ್ಪಾ, ನನ್ನನ್ನು ಸುಡಲಿಕ್ಕೆ ನನ್ನ ಹತ್ತಿರವೇ ಕೊಟೇಶನ್ ಕೇಳುತ್ತೀಯಾ?’ ಎಂದರು. ಆಮೇಲೆ ಸರಳಿನಾಚೆ ಕೈ ಹಾಕಿ ಒಂದು ಕಾಯಿಯನ್ನು ಹಿಡಿದುಕೊಂಡು, ‘ನನಗೆ ಇದೇ ಗೆಲ್ಲು. ಬೇಗ ಕಡಿಸು. ಇದನ್ನು ಕಡಿದರೆ ಮತ್ತೆ ಧರ್ಣ ಬರುತ್ತಾನೆ’ ಎಂದರು. ಅಳು ಇಲ್ಲ, ದೂರು ಇಲ್ಲ, ಮೋಡವಾದರೆ ಮಳೆ ಬರುತ್ತದೆ ಎನ್ನುವ ಹಾಗೆ. ಹೇಳಿದ್ದು ಸುಳ್ಳೂ ಅಲ್ಲ. ಆ ಗೆಲ್ಲು ಬಿದ್ದಿತೆಂದರೆ ಅವರು ಹೋದರೆಂದು ಅರ್ಥ, ಅವರು ಹೋದರೆ ನೀನು ಸಿಕ್ಕಿದ ವಿಮಾನ ಹತ್ತಿ ಬರುತ್ತೀ. ಶಶಿಗೆ ಬಂದ ಹಾಗೆ.

ಈಗ ನನಗೆ ಯಾವ ಕಡೆಯೂ ದಾರಿ ಕಾಣುವುದಿಲ್ಲ. ಮರಕ್ಕಾಗಿ ಮಾತಾಡಿದರೆ ಸಾಯುವ ಮುದುಕಿಯ ಆಸೆಗೆ ಅಡ್ಡ ನಿಂತ ಹಾಗೆ. ಸುಮ್ಮನಿದ್ದರೆ, ಶಶಿ ಹನ್ನೊಂದು ಮಳೆಗಾಲ ಒದ್ದೆಯಾಗಿ ಕಟ್ಟಿದ್ದನ್ನು ಮೆಷಿನಿನವನು ಚಹಾ ಆರುವುದರೊಳಗೆ ಬೀಳಿಸುತ್ತಾನೆ. ಈ ವರ್ಷವೇ ಮರ ಎಂದೂ ಇಲ್ಲದಷ್ಟು ಕಾಯಿ ಹೊತ್ತುಕೊಂಡಿದೆ. ಅತ್ತೆ ಇವತ್ತು ಗಂಜಿ ಬೇಡವೆಂದರು ಎಂದರೆ ಅವರಿಗಾಗಿ ಹೆದರುತ್ತೇನೆ, ಆ ಹೆದರಿಕೆಯಲ್ಲಿ ಎಷ್ಟು ಪಾಲು ಮರದ್ದು ಎಂದು ನನ್ನನ್ನೇ ಕೇಳಿಕೊಂಡು ನಾಚಿಕೆಯಾಗುತ್ತದೆ. ದಯಮಾಡಿ ನೀನು ಸಂದೇಶನಿಗೆ ಫೋನ್ ಮಾಡಿ ರವೂಫನ ಮರ ಸಾಕು ಎಂದು ಹೇಳು. ನಾನು ಹೇಳಿಸಿದ್ದೆಂದು ಹೇಳಬೇಡ. ಹೇಳಲಿಕ್ಕೆ ಮನಸ್ಸಾಗದಿದ್ದರೆ, ಕಡಿಯುವುದೇ ಆದರೆ, ಮೆಷಿನಿನವನಿಗೆ ಒಂದು ಸೂಚನೆಯನ್ನಾದರೂ ಕೊಡಿಸು: ಮೊದಲು ಗೆಲ್ಲಿನ ಅಡಿಯಿಂದ ಅರ್ಧ ಕೊಯ್ಯಬೇಕು, ಆಮೇಲೆ ಮೇಲಿನಿಂದ. ಮೇಲಿನಿಂದಲೇ ಕೊಯ್ದರೆ ಗೆಲ್ಲು ಬೀಳುವಾಗ ಸಿಪ್ಪೆಯನ್ನು ಬುಡದವರೆಗೆ ಸುಲಿದುಕೊಂಡು ಹೋಗುತ್ತದೆ. ಆ ಹೊತ್ತಿನಲ್ಲಿ ಅದನ್ನು ಹೇಳಲಿಕ್ಕೆ ನನಗೆ ಬಾಯಿ ಬರಲಿಕ್ಕಿಲ್ಲ.

ಮುಂದಿನ ವಾರ ಕಳೆದರೆ ಬಿಸು, ನಮ್ಮ ಹೊಸವರ್ಷ. ಬೆಳಿಗ್ಗೆ ಎದ್ದು ಮೊದಲು ನೋಡುವ ಕಣಿಗೆ ಇಡಲಿಕ್ಕೆ ಮಾವಿನ ಕಾಯಿ ಯಾವ ಗೆಲ್ಲಿನಿಂದ ಕೊಯ್ಯುವುದೆಂದು ಸಂದೇಶನ ಮಗಳು ಪ್ರಾಪ್ತಿ ಕೇಳಿದಳು, ನಾನು ಬಾವಿಯ ಕಡೆಯದ್ದು ತೋರಿಸಿದೆ. ಹೋಟೆಲಿನ ಹುಡುಗರಿಗೆಲ್ಲ ನನ್ನ ನೆನಪು ಹೇಳು. ಹಪ್ಪಳದಲ್ಲಿ ಅವರಿಗೂ ಪಾಲು ಕೊಡು, ಒಬ್ಬನೇ ತಿಂದರೆ ಸೊಂಟ ಇನ್ನೂ ಹಿಡಿಯುತ್ತದೆ. ದೈವ ನಿನ್ನ ಬೆನ್ನಿಗಿರಲಿ, ಬೆನ್ನೇ ಸರಿ ಇಲ್ಲದವನಿಗೆ ಅದೇ ದೊಡ್ಡ ಆಧಾರ. ಯುವರ್ಸ್ ಒಬೀಡಿಯೆಂಟ್ಲಿ ಎಂದು ಬರೆಯುವುದು ರಜಾ ಅರ್ಜಿಗೆ ಮಾತ್ರವಾ ಎಂದು ಮರೆತಿದೆ. ಇಲ್ಲಿ ಹೊಂದುವ ಹಾಗೆ ಕಾಣುತ್ತದೆ.

ಯುವರ್ಸ್ ಒಬೀಡಿಯೆಂಟ್ಲಿ,
ನಿನ್ನ ಭಾವ
ಸಂಕಪ್ಪ

ತಾ.ಕ.: ಈಗ ಸೋಮವಾರ ಸಂಜೆ. ನಿಝಾಮ್ ಕಾಗದಕ್ಕೆ ಬಂದು ಜಗಲಿಯಲ್ಲಿ ಕೂತಿದ್ದಾನೆ, ಬೇಗ ಬೇಗ ಬರೆಯುತ್ತೇನೆ, ಅಕ್ಷರ ಕ್ಷಮಿಸು. ಮೇಲೆ ಮರದ ಬಗ್ಗೆ ಬರೆದದ್ದನ್ನೆಲ್ಲ ಬಿಟ್ಟುಬಿಡು. ಇವತ್ತು ಮಧ್ಯಾಹ್ನ ಕಿಟಕಿಯ ಹೊರಗೆ ನಿಂತು ಪಟ್ಟಿ ಸಡಿಲಿಸುತ್ತಿದ್ದೆ. ಬಿಸಿಲು ನನ್ನ ಬೆನ್ನಿಗಿತ್ತು, ಒಳಗಿನಿಂದ ನೋಡಿದರೆ ಕಪ್ಪು ಆಕಾರ ಮಾತ್ರ ಕಂಡಿರಬೇಕು. ಅತ್ತೆಯ ಕೈ ಸರಳಿನ ಎಡೆಯಿಂದ ಬಂದು ಕಾಯಿಯನ್ನು ಬಿಟ್ಟು ನನ್ನ ಮಣಿಕಟ್ಟನ್ನು ಹಿಡಿಯಿತು. ‘ಧರ್ಣಾ, ಬತ್ತನಾ ಮಗಾ?’ ಎಂದರು. ಅಲ್ಲ ಅತ್ತೆ, ನಾನು ಸಂಕಪ್ಪ ಎನ್ನಬೇಕಿತ್ತು. ಯಾಕೆಂದು ಗೊತ್ತಿಲ್ಲ ಭಾವ, ‘ಬತ್ತೆ ಅಪ್ಪೆ’ ಎಂದು ಮಗ ಬಂದವನ ಹಾಗೆ ಹೇಳಿಬಿಟ್ಟೆ. ಅವರು ಸುಮಾರು ಹೊತ್ತು ಕೈ ಬಿಡಲಿಲ್ಲ. ಆಮೇಲೆ, ‘ಬಂದೆಯಲ್ಲ, ಇನ್ನು ಈ ಗೆಲ್ಲು ಇರಲಿ. ಸಂಕಪ್ಪನಿಗೆ ಹೇಳು, ಪಾಪ, ಹೆದರಿ ಮರದ ಬುಡದಲ್ಲೇ ಕೂತಿರುತ್ತಾನೆ’ ಎಂದರು. ತೃಪ್ತಿಯನ್ನು ಕರೆದು ಗಂಜಿ ಕೇಳಿ ಒಂದು ಬಟ್ಟಲು ಪೂರ್ತಿ ಉಂಡರು. ಅವಳಿಗೆ ಆಶ್ಚರ್ಯ. ನಾನು ಯಾರಿಗೂ ಏನೂ ಹೇಳಿಲ್ಲ, ಹೇಳಲಿಕ್ಕೂ ಆಗುವುದಿಲ್ಲ. ಮರ ಬೇಕಾದರೆ ಬುಡಸಮೇತ ಹೋಗಲಿ, ನೀನು ಹೊರಟು ಬಾ. ನೀನು ಫೋನಿನಲ್ಲಿ ‘ಈ ಬೇಸಗೆಯಲ್ಲಿ ಬರುತ್ತೇನೆ’ ಎನ್ನುತ್ತೀಯಲ್ಲ ಹಾಗಲ್ಲ, ಈ ಕಾಗದ ಓದಿದ ದಿನವೇ. ಈಗ ಒಳಗಿನಿಂದ ‘ಧರ್ಣ ಎಲ್ಲಿ’ ಎಂದು ಕೇಳುತ್ತಿದ್ದಾರೆ. ತೋಟಕ್ಕೆ ಹೋಗಿದ್ದಾನೆ ಎಂದೆ. ನಾಳೆಯೂ ಕೇಳುತ್ತಾರೆ, ತೋಟದಲ್ಲಿದ್ದಾನೆ ಎನ್ನುತ್ತೇನೆ. ಇಷ್ಟು ಸಣ್ಣ ತೋಟದಲ್ಲಿ ಒಬ್ಬ ಮನುಷ್ಯ ಎಷ್ಟು ದಿನ ಇರಬಹುದು ಹೇಳು.